ಹಗ್ಗಕ್ಕೆ ಹನ್ನೆರಡು ಸಾವಿರಾನಾ?

ನನ್ನ ಹತ್ರ ಒಂದು ಹಾರ್ನೆಸ್ ಇದೆ. ಫ್ರಾನ್ಸಿನ ಪೆಟ್ಜಲ್ ಕಂಪನಿಯದು, ಕಿತ್ತಳೆ ಬಣ್ಣ. ಬೋನಸ್ ಬಂದ ಖುಷಿಯಲ್ಲಿ ತಗೊಂಡಿದ್ದು. ಅದನ್ನು ಹಾಕಿಕೊಂಡು ರಾಮನಗರದ ಬಂಡೆ ಹತ್ತಿದ್ದು ಒಟ್ಟು ಆರು ಸಲ, ಕಂಠೀರವ ಸ್ಟೇಡಿಯಮ್ಮಿನ ಗೋಡೆ ಹತ್ತಿದ್ದು ಹತ್ತೋ ಹನ್ನೆರಡೋ ಸಲ. ಪ್ರತಿ ಸಲವೂ ಕೆಳಗೆ ಹಗ್ಗ ಹಿಡಿದು ಒಬ್ಬ ನಿಂತಿರ್ತಾನೆ. ನನ್ನ ಗಂಟು ಸರಿಯಿದೆಯಾ ಅಂತ ಅವನು ನೋಡ್ತಾನೆ, ಅವನ ಬಕಲ್ ನಾನು ನೋಡ್ತೀನಿ, ಆಮೇಲೇ ಪಾದ ನೆಲ ಬಿಡೋದು. ಹೆಲ್ಮೆಟ್ ಇಲ್ಲದೆ ಬಂಡೆಯ ಹತ್ತಿರ ಹೋದರೆ ಬೈಸಿಕೊಳ್ಳಬೇಕು. ಇಷ್ಟೆಲ್ಲ ಯಾಕೆ? ಭಾನುವಾರ ಬೆಳಿಗ್ಗೆ ಒಂದಿಷ್ಟು ಬೆವರು ಬರಲಿ, ಇನ್‌ಸ್ಟಾಗ್ರಾಮಿಗೆ ಎರಡು ಫೋಟೋ ಸಿಗಲಿ ಅಂತ.

ಈ ಹಾರ್ನೆಸ್ ನಮ್ಮ ಫ್ಲ್ಯಾಟಿನ ಅಟ್ಟದಲ್ಲಿ ತಣ್ಣಗೆ ಮಲಗಿದ್ದ ಒಂದು ಶನಿವಾರ, ಅದೇ ಫ್ಲ್ಯಾಟಿನ ಬಾಲ್ಕನಿಗೆ ಕಾಣುವ ಮಳೆಮರದಿಂದ ಒಬ್ಬ ಮನುಷ್ಯ ಬಿದ್ದರು. ಅವರನ್ನು ಕರೆಸಿದ್ದು ನಮ್ಮ ಅಸೋಸಿಯೇಷನ್. ರೇಟು ಮಾತಾಡಿದ್ದು ನಾನು.

ಅವರ ಹೆಸರು ಬರೆಯಲ್ಲ. ಬರೀಲಾ ಅಂತ ಕೇಳಿದ್ದಕ್ಕೆ "ಬೇಡ ಸಾರ್, ಬಿದ್ದೋನು ಅಂತ ಗೊತ್ತಾದ್ರೆ ಯಾರೂ ಕರೆಯಲ್ಲ" ಅಂದರು. ಕನಕಪುರದ ಕಡೆಯವರು, ಐವತ್ತರ ಹತ್ತಿರದ ವಯಸ್ಸು. ಮಳೆಗಾಲಕ್ಕೆ ಮುಂಚೆ ಕೊಂಬೆಗಳನ್ನು ಕಡಿಸಬೇಕು ಅಂತ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಗಲಾಟೆ ಎದ್ದಿತ್ತು. ಅವರು ಆರು ಸಾವಿರ ಕೇಳಿದರು. ನಾನು ಚೌಕಾಸಿ ಮಾಡಿ ಐದಕ್ಕೆ ಇಳಿಸಿದೆ, ಕಡಿದ ಸೌದೆ ಅವರಿಗೇ ಅಂತ ಆಯಿತು. ಗ್ರೂಪಿನಲ್ಲಿ ನನಗೆ ಹೆಬ್ಬೆಟ್ಟುಗಳ ಸುರಿಮಳೆ.

ಬೆಳಿಗ್ಗೆ ಎಂಟಕ್ಕೆ ಇಬ್ಬರು ಹುಡುಗರ ಜೊತೆ ಬಂದರು. ಒಂದು ಮಚ್ಚು, ಒಂದು ಕೈಗರಗಸ, ಲಾರಿಯ ಲೋಡು ಕಟ್ಟುವ ನೀಲಿ ಹಗ್ಗ ಒಂದು ಸುರುಳಿ. ಚಪ್ಪಲಿ ಬುಡದಲ್ಲಿ ಬಿಟ್ಟು, ಬರಿಗಾಲಲ್ಲಿ, ನಾನು ಕಾಫಿ ಮುಗಿಸೋದ್ರೊಳಗೆ ಮೂರನೇ ಮಹಡಿ ಎತ್ತರಕ್ಕೆ ಹೋಗಿದ್ದರು. ಆ ನೀಲಿ ಹಗ್ಗ ಯಾಕೆ ತಂದಿದ್ದರು ಗೊತ್ತಾ? ಕೊಂಬೆಗೆ ಕಟ್ಟೋಕೆ. ಕಡಿದ ಕೊಂಬೆ ಕಾರುಗಳ ಮೇಲೆ ಬೀಳಬಾರದು, ಕಟ್ಟಿ ಇಳಿಸಬೇಕು ಅಂತ ನಾವು ಕಂಡೀಷನ್ ಹಾಕಿದ್ದೆವು. ಮೇಲೆ ಹತ್ತಿದವರನ್ನು ಯಾತಕ್ಕೆ ಕಟ್ಟಬೇಕು ಅನ್ನೋ ಪ್ರಶ್ನೆ ಅರವತ್ತನಾಲ್ಕು ಫ್ಲ್ಯಾಟಿನ ಒಬ್ಬರಿಗೂ ಬರಲಿಲ್ಲ, ಬಂಡೆ ಹತ್ತುವ ನನಗೂ.

ಕಡಿದ ಕೊಂಬೆ ಹಗ್ಗದಲ್ಲಿ ತೂಗಿ, ತಿರುಗಿ ಬಂದು, ಅವರು ನಿಂತಿದ್ದ ಕೊಂಬೆಗೇ ಬಡಿಯಿತು. ಕವಲಿಗೆ ಒಮ್ಮೆ ತಾಗಿ, ಕೆಳಗೆ ರಾಶಿ ಹಾಕಿದ್ದ ಸೊಪ್ಪಿನ ಮೇಲೆ ಬಿದ್ದರು. ಆ ಸೊಪ್ಪು ಬದುಕಿಸಿತು. ಹಿಮ್ಮಡಿಯ ಮೂಳೆ ಮುರಿದಿತ್ತು, ಮಣಿಕಟ್ಟು ಮುರಿದಿತ್ತು. ನಾವು ಗ್ರೂಪಿನಲ್ಲಿ ಚಂದಾ ಎತ್ತಿ ಹನ್ನೊಂದು ಸಾವಿರ ಕೊಟ್ಟೆವು, ಜೊತೆಗೆ ಕೈಮುಗಿದ ಇಮೋಜಿಗಳು. ಸಂಜೆ ಏಳಕ್ಕೆ ಒಂದು ಮೆಸೇಜ್ ಬಂತು: "ವೆರಿ ಸ್ಯಾಡ್. ಬಟ್ ಉಳಿದ ಕೊಂಬೆ ಯಾರು ಕಡೀತಾರೆ?"

ಆಮೇಲೆ ನಾನು ಮಾಡಿದ್ದು ನಮ್ಮಂಥವರು ಪಾಪಪ್ರಜ್ಞೆ ಕಾಡಿದಾಗ ಮಾಡುವ ಕೆಲಸ, ಅಂದರೆ ರಾತ್ರಿ ಎರಡರ ತನಕ ಯೂಟ್ಯೂಬ್ ನೋಡಿದ್ದು. ಬ್ರಿಟನ್, ಅಮೆರಿಕ, ಜರ್ಮನಿಗಳಲ್ಲಿ ಇದೊಂದು ಕಲಿತು ಮಾಡುವ ವೃತ್ತಿ. ಆರ್ಬರಿಸ್ಟ್ ಅಂತಾರೆ, ಬ್ರಿಟನ್ನಿನಲ್ಲಿ ಟ್ರೀ ಸರ್ಜನ್ ಅಂತಲೂ. ಅವರು ಕೆಲಸ ಶುರು ಮಾಡೋದು ನೆಲದ ಮೇಲೆ ನಿಂತು. ಗಟ್ಟಿಯಾದ ಎತ್ತರದ ಕವಲೊಂದನ್ನು ಆರಿಸಿ, ತೆಳ್ಳಗಿನ ದಾರ ಕಟ್ಟಿದ ಪುಟ್ಟ ಭಾರದ ಚೀಲವನ್ನು ಅದರ ಮೇಲಿಂದ ಎಸೀತಾರೆ. ಆ ದಾರದ ಹಿಂದೆ ಹನ್ನೊಂದರಿಂದ ಹದಿಮೂರು ಮಿಲಿಮೀಟರ್ ದಪ್ಪದ ಹಗ್ಗ ಮೇಲೆ ಹೋಗುತ್ತೆ. ನೆಲದಲ್ಲೇ ಇಬ್ಬರು ಜೋತು ಬಿದ್ದು ಕವಲು ತಡೆಯುತ್ತಾ ನೋಡಿದ ಮೇಲೆ ಒಬ್ಬರು ಹತ್ತೋದು. ಸೊಂಟ, ತೊಡೆಗೆ ಅಗಲವಾದ ಮೆತ್ತೆಯ ಹಾರ್ನೆಸ್, ಹಗ್ಗದ ಮೇಲೆ ಜಾರುವ ಒಂದು ಗಂಟು. ಭಾರ ಬಿದ್ದರೆ ಆ ಗಂಟು ಕಚ್ಚಿಕೊಳ್ಳುತ್ತೆ, ಕೈಯಿಂದ ಸಡಿಲಿಸಿದರೆ ಇಳಿಸುತ್ತೆ. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ 1931ರಲ್ಲಿ ಪ್ರಚಾರಕ್ಕೆ ತಂದ ಗಂಟಿನ ಸಂತಾನ ಅದು. ಈಗ ಅದೇ ಕೆಲಸಕ್ಕೆ ಅಲ್ಯೂಮಿನಿಯಂ ಸಾಧನಗಳೂ ಬಂದಿವೆ.

ಇದು ಒಂದು ಹಗ್ಗ. ಚೈನ್‌ಸಾ ಶುರು ಮಾಡೋ ಮುಂಚೆ ಸೊಂಟದಿಂದ ಇನ್ನೊಂದು ಗಿಡ್ಡ ಹಗ್ಗವನ್ನು ಕೊಂಬೆಗೆ ಸುತ್ತಿ ಕಟ್ಟಿಕೊಳ್ಳಲೇಬೇಕು. ಗರಗಸ ಒಂದು ಹಗ್ಗವನ್ನು ಕಚ್ಚಿದರೆ ಇನ್ನೊಂದು ಹಿಡಿದಿರಲಿ ಅಂತ. ಅವರ ಪ್ಯಾಂಟಿನೊಳಗೆ ಉದ್ದನೆಯ ನಾರುಗಳ ಪದರ ಇರುತ್ತೆ, ಚೈನ್ ತಾಗಿದರೆ ನಾರು ಕಿತ್ತು ಬಂದು ಗರಗಸದ ಬಾಯಿಗೆ ಸಿಕ್ಕಿಕೊಂಡು ಅದನ್ನು ನಿಲ್ಲಿಸಿಬಿಡುತ್ತೆ. ಬ್ರಿಟನ್ನಿನಲ್ಲಿ ಈ ಸಾಮಾನನ್ನು ಆರು ತಿಂಗಳಿಗೊಮ್ಮೆ ತಿಳಿದವರು ಪರೀಕ್ಷೆ ಮಾಡಬೇಕು. ಒಬ್ಬರೇ ಹತ್ತುವ ಹಾಗಿಲ್ಲ. ಕೆಳಗೆ ಇರುವವರಿಗೆ, ಮೇಲಿನವರು ಗಾಯಗೊಂಡು ಜೋತುಬಿದ್ದರೆ ಹತ್ತಿ ಇಳಿಸಿಕೊಂಡು ಬರುವ ತರಬೇತಿ ಮತ್ತು ಸಾಮಾನು ಎರಡೂ ಇರಬೇಕು. ಮರ ಹತ್ತುವವರ ಅಂತಾರಾಷ್ಟ್ರೀಯ ಸ್ಪರ್ಧೆಯಲ್ಲಿ ಈ ರಕ್ಷಣೆಯೇ ಒಂದು ವಿಭಾಗ. ಹಾಗಂತ ಅಲ್ಲಿ ಯಾರೂ ಬೀಳಲ್ಲ ಅಂತಲ್ಲ. ಇಷ್ಟೆಲ್ಲ ಇದ್ದೂ ಅದು ಅಪಾಯದ ಕೆಲಸವೇ. ಇಷ್ಟೆಲ್ಲ ಇಲ್ಲದಿದ್ದರೆ ಅದನ್ನು ಏನಂತ ಕರೀಬೇಕು, ನೀವೇ ಹೇಳಿ.

ಮೂರು ವಾರ ಕಳೆದ ಮೇಲೆ ಅವರ ಮನೆಗೆ ಹೋದೆ. ಕೈಯಲ್ಲಿ ಹಣ್ಣಿನ ಚೀಲ, ಇನ್ನೊಂದರಲ್ಲಿ ನನ್ನ ಕಿತ್ತಳೆ ಹಾರ್ನೆಸ್. ಉಡುಗೊರೆ ಕೊಟ್ಟು ಋಣ ತೀರಿಸಿಬಿಡೋಣ ಅನ್ನೋ ಪ್ಲಾನು. ಪ್ಲಾಸ್ಟರ್ ಹಾಕಿದ ಕೈಯಲ್ಲೇ ಅದನ್ನು ತಿರುಗಿಸಿ ನೋಡಿದರು. ತೊಡೆಯ ಪಟ್ಟಿಯನ್ನು ಬೆರಳಲ್ಲಿ ಒತ್ತಿದರು. ಆಮೇಲೆ ನಕ್ಕರು. "ಇದು ಬೀಳೋವ್ರಿಗೆ ಮಾಡಿರೋದು ಸಾರ್. ನಾನು ಮೂರು ಗಂಟೆ ಕೂತ್ಕೋಬೇಕು."

ಎಷ್ಟು ಸರಿ ನೋಡಿ. ಬಂಡೆ ಹತ್ತುವವರ ಹಗ್ಗ ಎಳೆಯುತ್ತೆ, ಬಿದ್ದಾಗ ಆಘಾತ ಕಡಿಮೆಯಾಗಲಿ ಅಂತ. ಹಾರ್ನೆಸ್ ಹಗುರ, ಯಾಕಂದ್ರೆ ನಾವು ಅದರಲ್ಲಿ ಕೂರೋದು ಎರಡು ನಿಮಿಷ. ಮರದವರ ಹಗ್ಗ ಎಳೆಯಬಾರದು, ಅವರ ಹಾರ್ನೆಸ್ ಕುರ್ಚಿಯ ಹಾಗಿರಬೇಕು. ಅದನ್ನು ತಿಳಿಯೋಕೆ ನನಗೆ ಮೂರು ರಾತ್ರಿ ಬೇಕಾಯಿತು, ಅವರು ಬೆರಳಲ್ಲಿ ಒತ್ತಿ ಹೇಳಿದರು. ಹಾಗೇ ಹಾರ್ಡ್‌ವೇರ್ ಅಂಗಡಿಯಲ್ಲಿ ಕಟ್ಟಡದ ಕೆಲಸಕ್ಕೆ ಅಂತ ಸಿಗುವ ಅಗ್ಗದ ಬೆಲ್ಟನ್ನು ತಂದುಕೊಟ್ಟು ಫೋಟೋ ಹಾಕಿಕೊಳ್ಳುವ ಸೇವಾಮನೋಭಾವದವರಿಗೂ ಒಂದು ಮಾತು. ಅದರ ಹಗ್ಗ ಬೆನ್ನಿಗೆ ಸಿಕ್ಕಿಸೋದು. ಮರದಲ್ಲಿ ಬಿದ್ದರೆ ಬಾಳೆಗೊನೆ ಥರ ನೇತಾಡಬೇಕು, ತಾನಾಗಿ ಇಳಿಯೋಕೂ ಆಗಲ್ಲ, ಕೊಂಬೆ ಹಿಡಿಯೋಕೂ ಆಗಲ್ಲ.

ಅವತ್ತು ಅವರು ಮರಗಳ ಬಗ್ಗೆ ಒಂದು ಗಂಟೆ ಮಾತಾಡಿದರು. ನುಗ್ಗೆಯನ್ನು ಯಾವತ್ತೂ ನಂಬಬಾರದು, ಹಸಿಯಿದ್ದಾಗಲೂ ಪಟ್ ಅನ್ನುತ್ತೆ. ಗುಲ್‌ಮೊಹರ್ ಹೊರಗೆ ಚೆನ್ನಾಗಿ ಕಂಡು ಒಳಗೆ ಟೊಳ್ಳಾಗಿರುತ್ತೆ, ಮಚ್ಚಿನ ಹಿಂಬದಿಯಿಂದ ತಟ್ಟಿ ಸದ್ದು ಕೇಳಬೇಕು. ಮಾವಿನಲ್ಲಿ ಕೆಂಜಿಗ ಕಚ್ಚಿದರೂ ಕೈ ಬಿಡೋ ಹಾಗಿಲ್ಲ. ಹೆಜ್ಜೇನು ಕಂಡರೆ ಆ ದಿನದ ಕೂಲಿ ಹೋಯಿತು ಅಂತ ಇಳಿದುಬಿಡಬೇಕು. ನಾನು ಕೇಳಿದೆ, ಇಷ್ಟೆಲ್ಲ ಗೊತ್ತಿದ್ದೂ ನೀವುಗಳು ಮರವನ್ನು ಯಾಕೆ ಅಷ್ಟು ಕೆಟ್ಟದಾಗಿ ಬೋಳಿಸ್ತೀರಿ? ಅವರಿಗೆ ಬೇಜಾರಾಯಿತು. ಸ್ವಲ್ಪ ಹೊತ್ತು ಬಿಟ್ಟು ಹೇಳಿದರು, "ತುದಿಗೆ ಹೋಗೋಕೆ ಆಗಲ್ಲ ಸಾರ್. ಕಾಲಿಡೋ ಜಾಗ ಇರೋದು ಬುಡದಲ್ಲಿ. ಅದಕ್ಕೇ ಬುಡಕ್ಕೇ ಹಾಕ್ತೀವಿ."

ಇಡೀ ಬೆಂಗಳೂರಿನ ಬೋಳು ಮರಗಳ ಕತೆ ಈ ಮಾತಿನಲ್ಲಿದೆ ಅಂತ ನನಗೆ ಅವತ್ತು ಹೊಳೆಯಿತು. ಮಳೆಮರದ ಕೊಂಬೆ ಅಡ್ಡಡ್ಡ ಬೆಳೆಯೋ ಜಾತಿ. ಅದರ ಭಾರ ಕಡಿಮೆ ಮಾಡಬೇಕಂದ್ರೆ ತುದಿಯಲ್ಲಿ, ಹೆಬ್ಬೆರಳಿನಷ್ಟು, ಮುಂಗೈನಷ್ಟು ದಪ್ಪದ ಕವಲುಗಳನ್ನು ಆರಿಸಿ ತೆಗೀಬೇಕು. ಆ ತುದಿ ಮನುಷ್ಯನ ಭಾರ ತಡೆಯಲ್ಲ. ಅಲ್ಲಿಗೆ ಹೋಗೋಕೆ ಒಂದೇ ದಾರಿ. ತಲೆಯ ಮೇಲೆ, ಮರದ ನಡುವಿನಲ್ಲಿ, ಎತ್ತರದಲ್ಲಿ ಹಗ್ಗ ಕಟ್ಟಿರಬೇಕು. ಭಾರವೆಲ್ಲ ಆ ಹಗ್ಗದ ಮೇಲೆ, ಕಾಲು ಸುಮ್ಮನೆ ಕೊಂಬೆಗೆ ತಾಗಿಕೊಂಡು ನಡೆಯುತ್ತೆ. ಹಗ್ಗ ಇಲ್ಲದವರು ಗಟ್ಟಿಯಾಗಿ ನಿಲ್ಲಬಹುದಾದ ಜಾಗ ಕಾಂಡದ ಕವಲು ಮಾತ್ರ. ಅಲ್ಲಿಂದ ಕೈಗೆ ಸಿಗೋದು ತೊಡೆ ದಪ್ಪದ ಕೊಂಬೆ. ಅದನ್ನೇ ಕಡೀತಾರೆ.

ಕಡಿದ ಮೇಲೆ ಏನಾಗುತ್ತೆ? ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಉದ್ದುದ್ದ ಸೀಳಿ ನೋಡಿ 1970ರ ದಶಕದಲ್ಲಿ ಹೇಳಿದ್ದು ಇದು: ಮರದ ಗಾಯ ನಮ್ಮ ಗಾಯದ ಹಾಗೆ ವಾಸಿಯಾಗಲ್ಲ. ಮರ ಗಾಯದ ಸುತ್ತ ಗೋಡೆ ಕಟ್ಟಿ, ಕೊಳೆತ ಭಾಗವನ್ನು ಒಳಗೇ ಬಂಧಿಸಿ, ಮೇಲೆ ಹೊಸ ಪದರ ಬೆಳೆಸಿಕೊಳ್ಳುತ್ತೆ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಒಂದು ಉಬ್ಬಿದ ಪಟ್ಟಿ ಇರುತ್ತಲ್ಲ, ಆ ಗೋಡೆ ಕಟ್ಟುವ ಶಕ್ತಿ ಅಲ್ಲಿದೆ. ಅದನ್ನು ಬಿಟ್ಟು ಕಡಿದರೆ ಸಣ್ಣ ಗಾಯ ಮುಚ್ಚುತ್ತೆ. ತೊಡೆ ದಪ್ಪದ ಗಾಯ ಮುಚ್ಚೋದರೊಳಗೆ ನೀರು ಇಳಿದು ಅಣಬೆ ಹತ್ತಿರುತ್ತೆ. ನಮ್ಮಲ್ಲಿ ರಸ್ತೆಯ ಕಡೆಯ ಕೊಂಬೆ ತೆಗೆದು ಮನೆಯ ಕಡೆಯದು ಬಿಡ್ತಾರೆ, ಅಥವಾ ಉಲ್ಟಾ. ಒಂದು ಕಡೆ ಭಾರ, ಇನ್ನೊಂದು ಕಡೆ ಕೊಳೆ. ಬೋಳಾದ ಜಾಗದಲ್ಲಿ ಚಿಗುರೋ ಗೊಂಚಲು ನೋಡೋಕೆ ಹಸಿರು, ಹಿಡಿತ ಮಾತ್ರ ತೊಗಟೆಯಲ್ಲಿ. ಆಮೇಲೆ ಏಪ್ರಿಲ್ ಕೊನೆಯಲ್ಲಿ ಮೊದಲ ಗಾಳಿಮಳೆ ಬಂದಾಗ "ಮರ ಉರುಳಿ ಕಾರು ಜಖಂ" ಅಂತ ಓದ್ತೀವಿ, ಮುಂದಿನ ವಾರ ಇನ್ನೂ ನಾಲ್ಕು ಮರ ಬೋಳಿಸೋಕೆ ಫೋನ್ ಮಾಡ್ತೀವಿ.

ಸೌದೆ ಅವರಿಗೇ ಅಂತ ನಾನು ಮಾಡಿಕೊಂಡ ಜಾಣತನದ ಡೀಲೂ ಇದಕ್ಕೆ ಸೇರಿಕೊಳ್ಳುತ್ತೆ. ಕೂಲಿಯಲ್ಲಿ ಒಂದು ಸಾವಿರ ಕಡಿಮೆ ಮಾಡಿ, ಅದನ್ನು ಮರದಿಂದಲೇ ವಸೂಲಿ ಮಾಡ್ಕೋ ಅಂದ ಹಾಗಾಯಿತು. ತುದಿಯ ಕಡ್ಡಿಗೆ ಸೌದೆ ಡಿಪೋದಲ್ಲಿ ಯಾರು ದುಡ್ಡು ಕೊಡ್ತಾರೆ?

ನಾನು ಈ ಮಾತು ಎತ್ತಿದಾಗೆಲ್ಲ ಬರುವ ಉತ್ತರಗಳು ನನಗೀಗ ಬಾಯಿಪಾಠ. ಮೊದಲನೆಯದು, "ಅವರಿಗೆ ಅಭ್ಯಾಸ ಇರುತ್ತೆ ಗುರೂ." ಅಭ್ಯಾಸ ಇದ್ದವರೇ ಬಿದ್ದದ್ದು. ಗುರುತ್ವಾಕರ್ಷಣೆಗೆ ಅನುಭವದ ಸರ್ಟಿಫಿಕೇಟು ತೋರಿಸೋಕಾಗಲ್ಲ. ಇನ್ನೊಂದು, "ಕೊಟ್ರೂ ಹಾಕ್ಕೊಳಲ್ಲ ಅವರು." ಹಾಕ್ಕೊಳಲ್ಲ, ನಿಜ. ಯಾಕಂದ್ರೆ ನೀವು ಮರಕ್ಕೆ ಇಷ್ಟು ಅಂತ ಕೊಡ್ತೀರಿ. ಹಗ್ಗ ಎಸೆದು, ಕವಲು ಪರೀಕ್ಷಿಸಿ, ಗಂಟು ಹಾಕೋಕೆ ಒಂದು ಗಂಟೆ ಬೇಕು. ಆ ಒಂದು ಗಂಟೆ ಅವರ ಜೇಬಿನಿಂದ ಹೋಗುತ್ತೆ, ನಿಮ್ಮದರಿಂದಲ್ಲ. ನಿಮ್ಮ ಆಫೀಸಿನಲ್ಲಿ ಟೆಸ್ಟಿಂಗ್ ಮಾಡಿದ ಗಂಟೆಗಳಿಗೆ ಸಂಬಳ ಕೊಡಲ್ಲ ಅಂದಿದ್ದರೆ ನೀವು ಎಷ್ಟು ಟೆಸ್ಟ್ ಬರೀತಿದ್ರಿ? "ಬಕೆಟ್ ಇರೋ ಲಾರಿ ಕರೆಸಿ" ಅನ್ನೋರೂ ಇದ್ದಾರೆ. ರಸ್ತೆಯ ಪಕ್ಕದ ಮರಕ್ಕೆ ಅದೇ ಸರಿ, ಖಂಡಿತ ಕರೆಸಿ. ನಮ್ಮ ಮರ ಇರೋದು ಹಿತ್ತಲಿನಲ್ಲಿ, ಸಂಪಿನ ಮೇಲೆ. ಅಲ್ಲಿಗೆ ಲಾರಿ ಹೋಗಬೇಕಂದ್ರೆ ಕಟ್ಟಡ ಸ್ವಲ್ಪ ಪಕ್ಕಕ್ಕೆ ಸರೀಬೇಕು.

ಇವರಿಗಿಂತ ನನಗೆ ಸಿಟ್ಟು ಬರೋದು ನಮ್ಮ ಮೇಲೆ, ಅಂದರೆ ಮರಪ್ರೇಮಿಗಳ ಮೇಲೆ. 2016ರಲ್ಲಿ ಸ್ಟೀಲ್ ಫ್ಲೈಓವರ್ ಬೇಡ ಅಂತ ಕೈ ಕೈ ಹಿಡಿದು ನಿಂತವರಲ್ಲಿ ನಾನೂ ಒಬ್ಬ. ನಿಂತಿದ್ದು ಸರಿಯೇ, ಯೋಜನೆ ಕೈಬಿಟ್ಟಿದ್ದೂ ಸರಿಯೇ. 1980ರ ದಶಕದಲ್ಲಿ ನೇಗಿನಹಾಳ ಅವರು ಈ ಊರಿಗೆ ಹದಿನೈದು ಲಕ್ಷ ಸಸಿ ನೆಡಿಸಿದರು ಅಂತ ನಾವು ಹೆಮ್ಮೆಯಿಂದ ಹೇಳ್ತೀವಿ. ಆ ಸಸಿಗಳಲ್ಲಿ ಉಳಿದವಕ್ಕೆ ಈಗ ನಲವತ್ತು ವರ್ಷ. ಅವುಗಳನ್ನು ಹತ್ತಿ ನೋಡಿಕೊಳ್ಳುವವರು ಯಾರು, ಅವರಿಗೆ ಯಾರು ಕಲಿಸ್ತಾರೆ, ಅವರ ಸೊಂಟಕ್ಕೆ ಏನಿದೆ ಅಂತ ನಮ್ಮ ಯಾವ ಪ್ಲಕಾರ್ಡಿನಲ್ಲೂ ನಾನು ಓದಿಲ್ಲ. ಮರ ಕಡಿಯೋಕೆ ಅನುಮತಿ ಬೇಕು ಅನ್ನುವ ಕಾಯ್ದೆ ಕರ್ನಾಟಕದಲ್ಲಿ 1976ರಿಂದ ಇದೆ. ನಮಗೂ ಅನುಮತಿ ಪತ್ರ ಬಂದಿತ್ತು. ಅದರಲ್ಲಿ ಮರದ ಜಾತಿ ಇತ್ತು, ಸುತ್ತಳತೆ ಇತ್ತು. ಹತ್ತುವವರ ಬಗ್ಗೆ ಒಂದು ಸಾಲು ಇರಲಿಲ್ಲ. ಮರ ಕಡಿಯುವವರು ಅಂದರೆ ನಮಗೆ ಮಚ್ಚು ಹಿಡಿದ ವಿಲನ್, ಅಷ್ಟೇ.

ಮರ ಹತ್ತುವವರಿಗೆ ನಮ್ಮ ನಾಡಿನಲ್ಲಿ ಬೆಲೆಯೇ ಇಲ್ಲ ಅಂತಲ್ಲ. ಶಿರಸಿ, ಸಾಗರದ ಕಡೆ ಹೋಗಿ ಕೊನೆಗೌಡನನ್ನು ಕೇಳಿ. ಕಾಲಿಗೆ ತಳೆ ಹಾಕಿ ಅಡಕೆಮರ ಹತ್ತಿ, ಮೇಲಿನಿಂದಲೇ ಒಂದು ಮರದಿಂದ ಇನ್ನೊಂದಕ್ಕೆ ದಾಟಿ, ಹಗ್ಗದಲ್ಲಿ ಕೊನೆ ಇಳಿಸುವವರು. ಕೊಯ್ಲಿನ ಕಾಲದಲ್ಲಿ ತೋಟದ ಯಜಮಾನರು ಅವರ ಮನೆ ಬಾಗಿಲಿಗೆ ಹೋಗಿ ದಿನ ಗೊತ್ತು ಮಾಡಿಕೊಂಡು ಬರ್ತಾರೆ. ಹತ್ತುವವರು ಕಡಿಮೆಯಾದಾಗ ಕಾರ್ಬನ್ ಫೈಬರ್ ದೋಟಿ ಬಂತು, ನೆಲದ ಮೇಲೆ ನಿಂತೇ ಕೊಯ್ಯೋಕೆ. ತೆಂಗಿಗೂ ಅಷ್ಟೇ. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಯಂತ್ರದಲ್ಲಿ ಮರ ಹತ್ತುವ ತರಬೇತಿ ಕೊಡ್ತಿದೆ, ಹತ್ತುವವರಿಗೆ ಕೇರ ಸುರಕ್ಷಾ ಅಂತ ಅಪಘಾತ ವಿಮೆ ಮಾಡಿದೆ. ಅಲ್ಲೂ ಬೀಳ್ತಾರೆ, ಅಲ್ಲೂ ಕಷ್ಟ ಇದೆ, ಚಂದ ಮಾಡಿ ಹೇಳ್ತಿಲ್ಲ ನಾನು. ಆದರೆ ಅಲ್ಲಿ ಮರದ ಮೇಲೆ ದುಡ್ಡಿದೆ. ಹತ್ತುವವರು ಇಲ್ಲದಿದ್ದರೆ ಅದು ಕೆಳಗೆ ಬರಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಮಳೆಮರದಿಂದ ನಮಗೆ ಸಿಗೋದು ನೆರಳು. ನೆರಳಿಗೆ ಬಿಲ್ಲು ಬರಲ್ಲ.

ನಮ್ಮ ಮರದ ಕತೆ ಕೇಳಿ. ಅವರು ಬಿದ್ದ ಮೇಲೆ ಬೇರೆ ಯಾರನ್ನೋ ಕರೆಸಿ, ನಾಲ್ಕು ಸಾವಿರಕ್ಕೆ, ಉಳಿದ ಕೊಂಬೆಗಳನ್ನೂ ಬುಡದಿಂದ ಹಾರಿಸಿದರು. ನಾನು ಮೀಟಿಂಗಿಗೇ ಹೋಗಲಿಲ್ಲ, ಹೋಗಬೇಕಿತ್ತು. ಎರಡನೇ ವರ್ಷದ ಏಪ್ರಿಲ್‌ನಲ್ಲಿ ಅಳಿದುಳಿದ ದೊಡ್ಡ ಕೊಂಬೆಯೊಂದು ಕಾಂಡದ ಸಮೇತ ಸೀಳಿಕೊಂಡು ಎರಡು ಕಾರುಗಳ ಮೇಲೆ ಬಂತು. ಒಳಗೆ ಕಪ್ಪಗೆ, ಒದ್ದೆ ಹಿಟ್ಟಿನ ಹಾಗೆ ಕೊಳೆತಿತ್ತು. ಎರಡೂ ಕಾರಿಗೆ ಇನ್ಶೂರೆನ್ಸ್ ಕ್ಲೇಮು ತಿಂಗಳೊಳಗೆ ಆಯಿತು.

ಅವರ ಹಿಮ್ಮಡಿ ಇನ್ನೂ ನೋಯುತ್ತೆ. ಈಗ ಮರ ಹತ್ತಲ್ಲ. ಅಕ್ಕನ ಮಗ ಹತ್ತುತ್ತಾನೆ, ಇವರು ಕೆಳಗೆ ನೀಲಿ ಹಗ್ಗ ಹಿಡೀತಾರೆ.

ಹಿತ್ತಲಿನಲ್ಲಿ ಇನ್ನೂ ಎರಡು ಮಳೆಮರ, ಒಂದು ಮಾವು ಇದೆ. ಈ ವರ್ಷ ಎರಡು ಕೊಟೇಶನ್ ತರಿಸಿದೀನಿ. ಒಂದು ಮಾಮೂಲಿ, ಆರು ಸಾವಿರ, ಸೌದೆ ಅವರಿಗೆ. ಇನ್ನೊಂದು ಹಗ್ಗದ ಕೆಲಸ ಕಲಿತ ಒಂದು ಸಣ್ಣ ತಂಡದ್ದು, ಹದಿನೆಂಟು ಸಾವಿರ. ಇಬ್ಬರು ಹತ್ತೋಕೆ ಬಲ್ಲವರು, ಕೆಳಗೆ ಒಬ್ಬರು, ಎರಡು ದಿನ, ಮೂವರಿಗೂ ವಿಮೆ. ಆ ಹುಡುಗನನ್ನು ನಾಲ್ಕನೆಯವನಾಗಿ ಸೇರಿಸಿಕೊಂಡು ಕಲಿಸ್ತೀವಿ, ಕೂಲಿ ನೀವು ಕೊಡಿ ಅಂದಿದ್ದಾರೆ. ಅದು ನಾನು ಕೊಡ್ತೀನಿ. ಅವನಿಗೊಂದು ಸರಿಯಾದ ಕಿಟ್ ಅಂತ ಲೆಕ್ಕ ಹಾಕಿದರೆ ಹಾರ್ನೆಸ್, ಎರಡು ಹಗ್ಗ, ಹೆಲ್ಮೆಟ್ಟು, ಆ ಪ್ಯಾಂಟು ಎಲ್ಲ ಸೇರಿ ಒಂದು ಹೊಸ ಐಫೋನಿನ ಹತ್ತಿರ ಬರುತ್ತೆ. ಅದಕ್ಕೆ ಬೇರೆ ಚಂದಾ ಎತ್ತಬೇಕು.

ಎರಡೂ ಕೊಟೇಶನ್ ಗ್ರೂಪಿಗೆ ಹಾಕಿದೆ. ಹತ್ತು ನಿಮಿಷಕ್ಕೆ ಮೊದಲ ಉತ್ತರ ಬಂತು: "ಹಗ್ಗಕ್ಕೆ ಹನ್ನೆರಡು ಸಾವಿರಾನಾ?" ಅರವತ್ತನಾಲ್ಕು ಫ್ಲ್ಯಾಟು. ತಲಾ ನೂರ ಎಂಬತ್ತೇಳು ರೂಪಾಯಿ ಐವತ್ತು ಪೈಸೆ. ಅದನ್ನೂ ಬರೆದು ಹಾಕಿದೆ. ಅದಕ್ಕೆ ಯಾರೂ ಹೆಬ್ಬೆಟ್ಟು ಒತ್ತಿಲ್ಲ ಇನ್ನೂ.

ಮೀಟಿಂಗ್ ಬರುವ ಭಾನುವಾರ ಹನ್ನೊಂದಕ್ಕೆ. ಅಜೆಂಡಾದಲ್ಲಿ ಜಿಮ್ಮಿನ ಟ್ರೆಡ್‌ಮಿಲ್ ರಿಪೇರಿ ಮೂರನೆಯದು, ಮರ ಏಳನೆಯದು. ರಾಮನಗರಕ್ಕೆ ಹೋಗೋ ಹುಡುಗರಿಗೆ ಈ ವಾರ ಬರಲ್ಲ ಅಂತ ಹೇಳಿದೀನಿ.